ಹಳೆಯ ಲಾರಿಯ ಯಜಮಾನರು

ಲಾರಿಯುಳ್ಳವರೆಲ್ಲರೂ ಲಾರಿಯ ಯಜಮಾನರಲ್ಲ. ಐದಾರು ಗಾಡಿಗಳನ್ನಿಟ್ಟು, ಫೋನಿನ ಮುಂದೆ ಕುಳಿತು ಬಾಡಿಗೆ ಕುದುರಿಸಿ, ಕಂತು ತೀರಿದೊಡನೆಯೇ ಹಳೆಯದನ್ನು ಮಾರಿ ಹೊಸದನ್ನು ತರುವವರು ವರ್ತಕರು. ಅವರ ಚರಿತ್ರೆಯನ್ನು ಲೆಕ್ಕ ಬರೆಯುವವರಿಗೆ ಬಿಡೋಣ. ನಾನಿಲ್ಲಿ ಹೇಳಹೊರಟಿರುವುದು ಒಂದೇ ಒಂದು ಲಾರಿಯನ್ನು, ಅದರಲ್ಲಿಯೂ ಮುಪ್ಪಿನ ಲಾರಿಯನ್ನು, ಸಾಕುತ್ತಿರುವ ಮಹನೀಯರ ವಿಚಾರ. ತಿಪಟೂರು, ಅರಸೀಕೆರೆ, ಕಡೂರುಗಳ ಕಡೆ ಹೆದ್ದಾರಿಯ ಮಗ್ಗುಲಿನ ಶೆಡ್ಡಿನಲ್ಲಿ, ಸವೆದ ಟೈರೊಂದರ ಮೇಲೆ ಆಸೀನರಾಗಿ, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಲಾರಿಯಡಿಯಿಂದ ಹೊರಚಾಚಿದ ಎರಡು ಪಾದಗಳನ್ನುದ್ದೇಶಿಸಿ ಅವಿಚ್ಛಿನ್ನವಾಗಿ ಉಪದೇಶ ಮಾಡುತ್ತಿರುವ ವೃದ್ಧರೊಬ್ಬರನ್ನು ನೀವು ಎಂದಾದರೂ ಕಂಡಿದ್ದರೆ, ಅವರೇ ಇವರು. ಪಾದಗಳು ಮೇಸ್ತ್ರಿಯವು.

ಇವರ ಲಾರಿ ಟಾಟಾದವರದು. ಆದರೆ ಇವರ ಬಾಯಲ್ಲಿ ಅದು ಆಚಂದ್ರಾರ್ಕವಾಗಿ ‘ಬೆಂಜ್’. ಜಮ್‌ಷೆಡ್‌ಪುರದ ಕಾರ್ಖಾನೆಯವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡು, ಮೂರು ಮೊನೆಯ ನಕ್ಷತ್ರವನ್ನು ಮೂತಿಯ ಮೇಲೆ ಧರಿಸಿದ ಲಾರಿಗಳನ್ನು ಹದಿನೈದು ವರ್ಷ ಹೊರತಂದರಷ್ಟೆ. 1969ರಲ್ಲಿ ಕರಾರು ಮುಗಿಯಿತು, ನಕ್ಷತ್ರ ಅಸ್ತಂಗತವಾಯಿತು, ಅದರ ಸ್ಥಾನಕ್ಕೆ ಟಾಟಾದವರ ಅಕ್ಷರ ಬಂತು. ಯಜಮಾನರ ಗಾಡಿ ಅಕ್ಷರದ ಕಾಲದ್ದೆಂಬುದಕ್ಕೆ ಅದರ ಕಾಗದಪತ್ರಗಳೇ ಸಾಕ್ಷಿ. ಆದರೆ ಕಾಗದಪತ್ರಗಳಿಗೆ ಅಂಜುವ ಸ್ವಭಾವ ಅವರದಲ್ಲ. ಎಲ್ಲಿಂದಲೋ ಒಂದು ನಕ್ಷತ್ರವನ್ನು ಸಂಪಾದಿಸಿ ತಂತಿಯಿಂದ ಬಿಗಿದು, ವರ್ಷವರ್ಷವೂ ಆಯುಧಪೂಜೆಗೆ ಹುಣಿಸೆಹಣ್ಣು ಹಾಕಿ ಬೆಳಗಿ, ‘ಜರ್ಮನ್ ಕಬ್ಬಿಣ ಸ್ವಾಮಿ, ಈಗಿನ ಡಬ್ಬಗಳ ಹಾಗಲ್ಲ’ ಎಂದು ದಾರಿಹೋಕರಿಗೆಲ್ಲ ಹೇಳುವರು.

ಇಂತಹ ಕಬ್ಬಿಣಕ್ಕೆ ತುಕ್ಕು ಹಿಡಿಯಿತೆಂದರೆ ಅವರು ನಂಬುವುದಾದರೂ ಹೇಗೆ? ಡೀಸೆಲ್ ಟ್ಯಾಂಕಿನ ಅಡಿಯಲ್ಲಿ ಮೊದಲು ಕಾಣಿಸಿಕೊಂಡ ಒದ್ದೆಯನ್ನು ಅವರು ‘ಬೆವರು’ ಎಂದು ಕರೆದರು. ಬೆವರು ಹನಿಯಾಯಿತು, ಹನಿ ರಸ್ತೆಯುದ್ದಕ್ಕೂ ಚುಕ್ಕಿಯಿಡತೊಡಗಿತು. ಬಟ್ಟೆ ಒಗೆಯುವ ಸೋಪನ್ನು ತೂತಿಗೆ ತಿಕ್ಕಿ ಮೆತ್ತಿದರೆ ಸೋರಿಕೆ ತಾತ್ಕಾಲಿಕವಾಗಿ ನಿಲ್ಲುತ್ತದೆಂಬುದು ಲಾರಿಯವರೆಲ್ಲ ಬಲ್ಲ ಉಪಾಯ. ಊರು ತಲುಪುವವರೆಗಿನ ಆ ಉಪಾಯವನ್ನು ಯಜಮಾನರು ಜೀವನಕ್ರಮವನ್ನಾಗಿ ಮಾಡಿಕೊಂಡರು. ಸೋಪು ಸೋತ ಮೇಲೆ ಎಂ-ಸೀಲ್, ಅದೂ ಉದುರಿದ ಮೇಲೆ ಗ್ಯಾಸ್ ವೆಲ್ಡಿಂಗಿನ ಪ್ರಸ್ತಾಪ. ಇಲ್ಲಿ ಮೇಸ್ತ್ರಿ, ಆ ಮಿತಭಾಷಿಯಾದ ಮನುಷ್ಯ, ಮೊದಲ ಬಾರಿಗೆ ಗಾಡಿಯ ಕೆಳಗಿನಿಂದ ಪೂರ್ತಿಯಾಗಿ ಹೊರಬಂದನು.

“ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ ಯಜಮಾನ್ರೆ. ಎಣ್ಣೆ ಹೋದ್ರೂ ಒಳಗೆ ಆವಿ ನಿಂತಿರುತ್ತೆ, ಗಾಳಿ ಸೇರಿರುತ್ತೆ. ಬೆಂಕಿ ತಗುಲ್ತು ಅಂದ್ರೆ ಟ್ಯಾಂಕೂ ಇಲ್ಲ, ನಾನೂ ಇಲ್ಲ.”

“ನೀರು ತುಂಬಿ ಮಾಡಯ್ಯ.”

“ಮಾಡಬಹುದು. ಹಿಡಿದಲ್ಲೆಲ್ಲ ತಗಡು ಪುಡಿಯಾಗ್ತಾ ಇದೆಯಲ್ಲ, ತೇಪೆ ಯಾವುದಕ್ಕೆ ಹಾಕಲಿ?”

ಈ ಪ್ರಶ್ನೆಗೆ ಉತ್ತರವಾಗಿ ಯಜಮಾನರು ಟ್ಯಾಂಕನ್ನೇ ನಿರ್ಲಕ್ಷಿಸಿ, ಕ್ಯಾಬಿನ್ನಿನ ನೆತ್ತಿಗೆ ಒಂದು ಡೀಸೆಲ್ ಕ್ಯಾನನ್ನು ಕಟ್ಟಿಸಿ, ಅದರಿಂದ ಪಂಪಿಗೆ ರಬ್ಬರ್ ನಳಿಗೆಯನ್ನಿಳಿಸಿ, ತೆಂಗಿನಕಾಯಿ ಸುಗ್ಗಿಯನ್ನೆಲ್ಲ ಹಾಗೆಯೇ ಕಳೆದರು. ಎಂಜಿನ್ನು ಮೇಲಿನಿಂದಿಳಿಯುವ ಎಣ್ಣೆಯನ್ನು ಕುಡಿದು ನಿರಾತಂಕವಾಗಿ ಓಡಿತು. ಕ್ಲೀನರ್ ಹುಡುಗನು ಮಾತ್ರ ಹಳ್ಳ ಬಂದಾಗಲೆಲ್ಲ ಮೇಲೆ ಹತ್ತಿ ಕ್ಯಾನನ್ನು ತಬ್ಬಿಕೊಳ್ಳಬೇಕಾಗುತ್ತಿತ್ತು. ಗಾಡಿ ಓಡಲು ಯೋಗ್ಯವೆಂಬ ಎಫ್.ಸಿ. ಪತ್ರ ಮಾಡಿಸುವ ದಿನ ಸಮೀಪಿಸದೆ ಹೋಗಿದ್ದರೆ ಆ ಬಾಲಕನ ತಪಸ್ಸು ಇಂದಿಗೂ ನಡೆಯುತ್ತಿತ್ತೇನೊ.

ಬದಲಿ ಟ್ಯಾಂಕನ್ನು ತರಲು ಅವರು ಬೆಂಗಳೂರಿನ ಗುಜರಿಗೆ ಹೋದರೆಂದು ಬೇರೆ ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಹೊಸದನ್ನು ಕೊಳ್ಳುವುದು ಅವರ ದೃಷ್ಟಿಯಲ್ಲಿ ಕಬ್ಬಿಣದ ಜ್ಞಾನವಿಲ್ಲದವರ ಲಕ್ಷಣ. ಅಲ್ಲಿ ಅವರು ಹುಡುಗಿ ನೋಡಲು ಬಂದ ಗಂಡಿನ ಸೋದರಮಾವನಂತೆ ಟ್ಯಾಂಕಿನ ಸುತ್ತ ಸುಳಿದು, ಬೆರಳ ಗೆಣ್ಣಿನಿಂದ ತಟ್ಟಿ, ಬಾಯಿಗೆ ಮೂಗಿಟ್ಟು, ವ್ಯಾಪಾರ ಕುದುರದೆಂದು ಎದ್ದು ಹೋಗಿ, ಕಾಫಿ ಕುಡಿದು, ಪುನಃ ಬಂದು, ಅಂತೂ 160 ಲೀಟರ್ ಹಿಡಿಯುವ ಟ್ಯಾಂಕೊಂದನ್ನು ತೂಕದ ದರದಲ್ಲಿ ಪಡೆದು ವಿಜಯೋತ್ಸಾಹದಿಂದ ಮರಳಿದರು. ಅದು ಮತ್ತಾವುದೋ ಲಾರಿಯ, ಮತ್ತೊಂದು ಮಗ್ಗುಲಿನ ಟ್ಯಾಂಕೆಂಬ ಅಲ್ಪ ಸಂಗತಿ ಇವರ ಗಾಡಿಗೆ ತೊಡಿಸಹೋದಾಗ ಬೆಳಕಿಗೆ ಬಂತು.

ಟ್ಯಾಂಕು ಕಟ್ಟುವುದು ನೋಡಲು ಸುಲಭವಾದ ಕೆಲಸ. ಚಾಸಿಗೆ ಬಿಗಿದ ಎರಡು ಬ್ರಾಕೆಟ್ಟುಗಳ ಮೇಲೆ ಅದನ್ನು ಕೂರಿಸಿ, ಕಬ್ಬಿಣದ ಪಟ್ಟಿಗಳನ್ನು ಸುತ್ತಿ, ನಟ್ಟು ಬಿಗಿದರಾಯಿತು. ಆದರೆ ಡೀಸೆಲ್ಲು ಲೀಟರಿಗೆ ಮುಕ್ಕಾಲು ಕಿಲೋಗೂ ಮಿಗಿಲಾಗಿ ತೂಗತಕ್ಕ ವಸ್ತು. 160 ಲೀಟರ್ ತುಂಬಿದರೆ 130 ಕಿಲೋಗಿಂತ ಹೆಚ್ಚಿನ ಭಾರ ಆ ಎರಡು ಪಟ್ಟಿಗಳನ್ನೇ ನಂಬಿ, ನಮ್ಮ ರಸ್ತೆಗಳಲ್ಲಿ ಕುಣಿಯುತ್ತ ಸಾಗಬೇಕು. ಪಟ್ಟಿಗೂ ಟ್ಯಾಂಕಿಗೂ ನಡುವೆ ರಬ್ಬರ್ ಇಲ್ಲವಾದರೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ. ಹಳೆಯ ಟ್ಯಾಂಕು ತೂತಾದದ್ದು ಪಟ್ಟಿಯ ಜಾಗದಲ್ಲಿಯೇ ಎಂಬುದನ್ನು ಮೇಸ್ತ್ರಿ ಬೆರಳಿಟ್ಟು ತೋರಿಸಿದನು. ಯಜಮಾನರು ಒಪ್ಪಿ, ರಬ್ಬರಿಗೆಂದು ಒಂದು ಸೈಕಲ್ ಟ್ಯೂಬನ್ನು ದಾನ ಮಾಡಿದರು. ಆ ಸೈಕಲ್ಲು ಡ್ರೈವರನದು.

ಮೊದಲ ಸಲ ಕೂರಿಸಿದಾಗ ಎಣ್ಣೆ ಹಾಕುವ ಬಾಯಿ ಚಾಸಿಯ ಕಡೆಗೆ ಮುಖ ಮಾಡಿತು. ಬಂಕಿನವನು ಲಾರಿಯ ಹೊಟ್ಟೆಯೊಳಗೆ ತೆವಳಿ ಎಣ್ಣೆ ಹಾಕಲಿ ಎಂದು ಹೇಳುವ ಧೈರ್ಯ ಯಜಮಾನರಿಗಿತ್ತು, ಕೇಳುವ ತಾಳ್ಮೆ ಮೇಸ್ತ್ರಿಗಿರಲಿಲ್ಲ. ತಿರುಗಿಸಿ ಕೂರಿಸಿದಾಗ ಬಾಯಿ ಹೊರಗೆ ಬಂತು, ಆದರೆ ಎಣ್ಣೆ ಎಳೆಯುವ ಪೈಪಿನ ತೂತು ಹಿಂದಕ್ಕೆ ಹೋಯಿತು, ಪೈಪು ಎಟುಕಲಿಲ್ಲ. ರಬ್ಬರಿನ ತುಂಡು ಸೇರಿಸಿ ಉದ್ದಮಾಡಿದ್ದಾಯಿತು. ಆ ಜೋಡಣೆಗೆ ಮೇಸ್ತ್ರಿ ತೋರಿಸಿದ ಶ್ರದ್ಧೆ ಯಜಮಾನರಿಗೆ ದುಂದಾಗಿ ತೋರಿತಾದರೂ, ಅದಕ್ಕೆ ಕಾರಣವಿಲ್ಲದಿರಲಿಲ್ಲ: ಎಳೆಯುವ ಪೈಪು ಸಡಿಲವಾದರೆ ಎಣ್ಣೆ ಹೊರಗೆ ತೊಟ್ಟಿಕ್ಕಿ ಸುಳಿವು ಕೊಡುವುದೆಂಬ ಭರವಸೆಯಿಲ್ಲ, ಗಾಳಿ ಒಳಗೆ ನುಗ್ಗುತ್ತದೆ, ಹೊರಗೆ ಎಲ್ಲವೂ ಒಣಗಿರುವಾಗಲೇ ಗಾಡಿ ದಿಬ್ಬದ ನಡುವೆ ಕೆಮ್ಮಿ ನಿಲ್ಲುತ್ತದೆ.

ನಿಜವಾದ ವಾಗ್ವಾದ ನಡೆದದ್ದು ಪೈಪಿನ ಮತ್ತೊಂದು ತುದಿಯ ವಿಷಯದಲ್ಲಿ. ಹೊಸ ಟ್ಯಾಂಕು ಹಳೆಯದಕ್ಕಿಂತ ಆಳವಾಗಿದ್ದುದರಿಂದ ಪೈಪಿನ ತುದಿ ತಳದಿಂದ ಮೂರು ಬೆರಳು ಮೇಲೆಯೇ ನಿಂತಿತು.

“ಅಷ್ಟು ಡೀಸೆಲ್ಲು ಕೆಳಗೆ ಸುಮ್ನೆ ಬಿದ್ದಿರಬೇಕೇನಯ್ಯ? ಅದಕ್ಕೆ ನಾನು ದುಡ್ಡು ಕೊಟ್ಟಿಲ್ವೆ?”

ನೀರು ಡೀಸೆಲ್ಲಿಗಿಂತ ಭಾರವಾದುದರಿಂದ ತಳ ಸೇರುವುದೆಂದೂ, ತುಕ್ಕು ಕಸಗಳೂ ಅಲ್ಲಿಯೇ ಕೂರುವುವೆಂದೂ, ಅವನ್ನು ಎಂಜಿನ್ನಿಗೆ ಕುಡಿಸಬಾರದೆಂದೇ ಆ ಅಂತರವನ್ನು ಬಿಡುವರೆಂದೂ, ಆಗಾಗ ತಳದ ಪ್ಲಗ್ಗು ಬಿಚ್ಚಿ ಹೊರಬಿಡುವುದು ಆ ಕಲ್ಮಷವನ್ನೇ ಎಂದೂ ಮೇಸ್ತ್ರಿ ವಿವರಿಸಿದನು. ಯಜಮಾನರು ಸಾವಧಾನವಾಗಿ ಕೇಳಿ, ಹೌದು ಹೌದೆಂದು ತಲೆದೂಗಿ, “ಎಲ್ಲ ಸರಿ. ತಳಕ್ಕೆ ಮುಟ್ಟಿಸಿಬಿಡು” ಎಂದರು. ‘ನಿಮ್ಮ ಗಾಡಿ, ನಿಮ್ಮಿಷ್ಟ’ ಎಂಬ, ಮೇಸ್ತ್ರಿಗಳ ಶಾಸ್ತ್ರದಲ್ಲಿ ಶಾಪಕ್ಕೆ ಸಮಾನವಾದ ವಾಕ್ಯವನ್ನುಚ್ಚರಿಸಿ ಅವನು ಪೈಪನ್ನು ಉದ್ದಮಾಡಿದನು.

ಇನ್ನು ಉಳಿದದ್ದು ಏರ್ ತೆಗೆಯುವ ಕೆಲಸ. ಬರಿದಾಗಿದ್ದ ಪೈಪಿನಲ್ಲಿ ಗಾಳಿ ಸೇರಿರುವವರೆಗೆ ಡೀಸೆಲ್ ಎಂಜಿನ್ನು ಬ್ರಹ್ಮನೇ ಬಂದು ತಿರುಗಿಸಿದರೂ ಹೊತ್ತಿಕೊಳ್ಳದು. ಫಿಲ್ಟರಿನ ತಲೆಯ ಬೋಲ್ಟನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ನೊರೆನೊರೆಯಾಗಿ ಬರುವ ಎಣ್ಣೆ ಗುಳ್ಳೆಯಿಲ್ಲದೆ ತಿಳಿಯಾಗಿ ಬರುವವರೆಗೆ ಕಾಯಬೇಕು. ಹುಡುಗನು ಪಂಪು ಒತ್ತುತ್ತಿದ್ದಷ್ಟು ಹೊತ್ತೂ ಹೊರಚೆಲ್ಲಿದ ಒಂದೊಂದು ಹನಿಯನ್ನೂ ಯಜಮಾನರು ತೆಂಗಿನ ಕರಟದಲ್ಲಿ ಹಿಡಿದರು. ಅಷ್ಟಕ್ಕೆ ತೃಪ್ತರಾಗದೆ, ಕಳಚಿಟ್ಟಿದ್ದ ಹಳೆಯ ಟ್ಯಾಂಕನ್ನು ಬೋರಲು ಹಾಕಿಸಿ, ಅದರ ತಳದಲ್ಲಿ ಉಳಿದಿದ್ದ ಕಷಾಯವರ್ಣದ ದ್ರವವನ್ನು ತಮ್ಮ ಹರಿದ ಪಂಚೆಯ ಚೂರಿನಲ್ಲಿ ಸೋಸಿ, ಕರಟದ ಶೇಖರಣೆಯೊಡನೆ ಹೊಸ ಟ್ಯಾಂಕಿಗೆ ಸುರಿದು ಮುಚ್ಚಳ ತಿರುಗಿಸಿದರು. ಮೇಸ್ತ್ರಿ ಆಗ ಕೈತೊಳೆಯಲು ಹೋಗಿದ್ದನು. ಗಾಡಿ ಹೊತ್ತಿಕೊಂಡಿತು, ಕಾಯಿ ಒಡೆಯಿತು, ಎಷ್ಟೋ ಕಾಲದಿಂದ ಸತ್ತಿದ್ದ ಡೀಸೆಲ್ ಮುಳ್ಳು ಒಮ್ಮೆಗೇ ಎದ್ದು ‘ಪೂರ್ತಿ’ ಎಂಬಲ್ಲಿ ನಿಂತು, ಟ್ಯಾಂಕಿನಲ್ಲಿ ಎಷ್ಟಿದ್ದರೂ ಅಲ್ಲಿಂದ ಕದಲದಾಯಿತು. ಯಜಮಾನರಿಗೆ ಇದು ಬಹಳ ಹಿಡಿಸಿತು.

ಅದೇ ವಾರ ಲಾರಿಯು ಮಂಗಳೂರಿನಿಂದ ಹೆಂಚು ಹೇರಿಕೊಂಡು ಶಿರಾಡಿ ಘಾಟಿಯನ್ನು ಹತ್ತುತ್ತಿದ್ದಾಗ, ಮಳೆಯಲ್ಲಿ, ತಿರುವಿನಲ್ಲಿ, ಉಸಿರುಕಟ್ಟಿ ನಿಂತಿತು. ಡ್ರೈವರನು ಫಿಲ್ಟರ್ ಬಿಚ್ಚಿದರೆ ಒಳಗೆ ಡೀಸೆಲ್ಲಿಗಿಂತ ಕೆಸರೇ ಅಧಿಕವಾಗಿತ್ತಂತೆ. ಗಾಡಿ ಹೇಗೋ ಊರು ಸೇರಿದ ಮೇಲೆ, ಮೇಸ್ತ್ರಿಯ ಪಾದಗಳ ಸಮ್ಮುಖದಲ್ಲಿ ಯಜಮಾನರು ತೀರ್ಪು ಕೊಟ್ಟರು:

“ನೋಡಿದೆಯಾ ಆ ಗುಜರಿ ಟ್ಯಾಂಕಿನ ಯೋಗ್ಯತೇನ? ನಮ್ಮ ಹಳೇದಕ್ಕೇ ಒಂದು ತೇಪೆ ಹಾಕು ಅಂತ ಬಡ್ಕೊಂಡೆ.”

“ಹಳೇದು ಎಲ್ಲಿದೆ ಯಜಮಾನ್ರೆ?” ಎಂದು ಗಾಡಿಯ ಕೆಳಗಿನಿಂದ ಧ್ವನಿ ಬಂತು.

“ಕೊಟ್ಟಿಗೇಲಿದೆ. ಜರ್ಮನ್ ಕಬ್ಬಿಣ, ಮಾರ್ತೀನೇನಯ್ಯ!”