ವೇಗ್ದಾಗೆಲ್ಲಾ ಐತೆ: ಬಳಸುವವರಿಗೊಂದು ಕೈಪಿಡಿ

ಈ ಕೈಪಿಡಿ ಯಾರಿಗೆ

ಚಳ್ಳಕೆರೆ ಅಥವಾ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಮನೆ, ಮನೆ ಮುಂದೆ ಜೋರಾಗಿ ಓಡುವ ಕಾರು, ತಲೆಯೊಳಗೆ ಕಾಲೇಜು ದಿನಗಳ ಒಂದು ಮೋಟಾರ್‌ಸೈಕಲ್ಲು. ಈ ಮೂರೂ ಇರುವ, ನಲವತ್ತೈದು ದಾಟಿದ ಗಂಡಸರಿಗಾಗಿ ಇದನ್ನು ಸಿದ್ಧಪಡಿಸಲಾಗಿದೆ. ಹೆಂಗಸರೂ ಓದಬಹುದು, ಆದರೆ ಅವರಿಗೆ ಇದರ ಅಗತ್ಯ ಬಿದ್ದದ್ದನ್ನು ನಾವು ಕಂಡಿಲ್ಲ. ಅವರು ಸ್ಕೂಟಿ ಹತ್ತಿ ಸಂತೆ ಮುಗಿಸಿ, ಬ್ಯಾಂಕಿನ ಕೆಲಸವನ್ನೂ ಮುಗಿಸಿ ಬರುವ ಹೊತ್ತಿಗೆ ಗಂಡಸರು ಇನ್ನೂ ಟೀ ಅಂಗಡಿ ಮುಂದೆ ನಿಂತು ಟಾರ್ಕ್ ಬಗ್ಗೆ ಮಾತಾಡುತ್ತಿರುತ್ತಾರೆ.

ಕಾರು ಯಾವುದಾದರೂ ಆದೀತು. 105 ಕುದುರೆ ಬಲದ ಪೋಲೊ ಜಿಟಿ ಟಿಎಸ್‌ಐ ಆಗಲಿ, 230 ಕುದುರೆಗಳ ಆಕ್ಟೇವಿಯಾ ವಿಆರ್‌ಎಸ್ ಆಗಲಿ, ಕಾಯಿಲೆ ಒಂದೇ: ಕಾರು ಮಾರಿ ಬೈಕಿಗೆ ಮರಳಲೇ ಎಂಬ ಯೋಚನೆ. ತಲೆಯೊಳಗಿನ ಬೈಕು ಮಾತ್ರ ಹೆಚ್ಚಾಗಿ ಯೆಜ್ಡಿ ಅಥವಾ ಆರ್‌ಎಕ್ಸ್ 100 ಆಗಿರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ನಿಮ್ಮ ಸೊಂಟ ಮಾತ್ರ ಇನ್ನೂ ಚಾಲೂ ಇದೆ ಎಂಬ ನಂಬಿಕೆಯ ಮೇಲೆ ಮುಂದಿನ ಪುಟಗಳನ್ನು ಬರೆದಿದೆ.

ಭಾಗ 1: ವೇಗ ಎಂದರೆ ಎಷ್ಟು

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ನಮ್ಮ ತಾಲ್ಲೂಕಿನ ಅತಿ ವೇಗದ ಗಾಡಿ ನಿಮ್ಮದಲ್ಲ. 2023ರ ಏಪ್ರಿಲ್ 2ರ ಬೆಳಗ್ಗೆ ಒಂದು ಚಿನೂಕ್ ಹೆಲಿಕಾಪ್ಟರ್ ಇಸ್ರೊದ ರೆಕ್ಕೆಯ ವಾಹನವೊಂದನ್ನು ನೇತುಹಾಕಿಕೊಂಡು 4.5 ಕಿ.ಮೀ. ಮೇಲಕ್ಕೆ ಹೋಗಿ ಕೈಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಬಂದು, ಚಳ್ಳಕೆರೆಯ ಡಿಆರ್‌ಡಿಒ ಏರೋನಾಟಿಕಲ್ ಟೆಸ್ಟ್ ರೇಂಜ್‌ನ ರನ್‌ವೇ ಮೇಲೆ ಗಂಟೆಗೆ ಸುಮಾರು 350 ಕಿ.ಮೀ. ವೇಗದಲ್ಲಿ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಪುಷ್ಪಕ್ ಎಂಬ ಹೆಸರಿನೊಡನೆ ಮತ್ತೆರಡು ಸಲ ಇಳಿದು ತೋರಿಸಿತು. ಜೂನ್‌ನಲ್ಲಿ 320ಕ್ಕೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿ, ಬ್ರೇಕ್ ಪ್ಯಾರಾಚೂಟ್ ಬಿಚ್ಚಿ, 100ರ ಆಸುಪಾಸಿಗೆ ಬಂತು.

ಇಲ್ಲಿ ಗಮನಿಸಬೇಕಾದದ್ದು: ಆ ಗಾಡಿಗೆ ಡ್ರೈವರ್ ಇಲ್ಲ, ಹಿಂದೆ ಕೂರುವವರಿಲ್ಲ, ಎದುರಿಗೆ ಯಾರೂ ಬರುವುದಿಲ್ಲ, ಸುತ್ತ ಬೇಲಿ ಇದೆ. ವೇಗಕ್ಕೆ ಬೇಕಾದದ್ದು ಎಂಜಿನ್ನಿಗಿಂತ ಮೊದಲು ಬೇಲಿ. ಆ ಬೇಲಿಗಾಗಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹೋಯಿತು, ಹಸಿರು ನ್ಯಾಯಮಂಡಳಿಯವರೆಗೆ ವ್ಯಾಜ್ಯವೂ ನಡೆಯಿತು. ಕಾವಲಿನಲ್ಲಿ ಮೇಯುತ್ತಿದ್ದ ಕುರಿಗಳು ಎಲ್ಲಿ ಹೋದವು ಎಂದು ಯಾರಾದರೂ ಕೇಳಿದರೆ, ನಿಮ್ಮ ಬಾನೆಟ್ ಮುಂದೆ ನೋಡಿ ಎನ್ನಬಹುದು.

ಬೇಲಿಯಿಲ್ಲದ ಕಾಲದಲ್ಲೂ ಈ ಹುಲ್ಲುಗಾವಲುಗಳು ವೇಗದ ಗಾಡಿ ಕಂಡಿದ್ದವು. ಅಮೃತಮಹಲ್ ಎತ್ತುಗಳನ್ನು ಕಟ್ಟಿಕೊಂಡು ಹೈದರಾಲಿ ಎರಡೂವರೆ ದಿನದಲ್ಲಿ 100 ಮೈಲಿ ಸೈನ್ಯ ನಡೆಸಿದ್ದ ಎಂದು ಹಳೆಯ ದಾಖಲೆಗಳು ಹೇಳುತ್ತವೆ. ಫಿರಂಗಿ ಎಳೆಯುವ ಎತ್ತು, ಹುಲ್ಲು ತಿಂದು ಓಡುವ ಎತ್ತು. ಮೈಲೇಜ್ ಕೇಳುವವರು ಆಗಲೂ ಇದ್ದಿರಬೇಕು.

ಇನ್ನು ಕಾನೂನಿನ ವೇಗ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ, ನಡುವೆ ವಿಭಜಕ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100, ಬೈಕಿಗೆ 80 ಕಿ.ಮೀ. ಗರಿಷ್ಠ. ಎಕ್ಸ್‌ಪ್ರೆಸ್‌ವೇ ಬಿಟ್ಟು ಉಳಿದ ರಸ್ತೆಗಳಲ್ಲಿ ಕಾರಿಗೆ 70, ಬೈಕಿಗೆ 60. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಲೆಕ್ಕಕ್ಕೆ 50 ಕಿ.ಮೀ. ಎಂದಿಟ್ಟುಕೊಳ್ಳಿ. ಎರಡನೆಯ ಮಿತಿಯಲ್ಲಿ, ಎಲ್ಲೂ ನಿಲ್ಲದೆ ಹೋದರೆ, ಕಾರಿಗೆ 43 ನಿಮಿಷ, ಬೈಕಿಗೆ 50. ನೀವು ತಿಂಗಳು ತಿಂಗಳು ಕಂತು ಕಟ್ಟುತ್ತಿರುವುದು ಈ ಏಳು ನಿಮಿಷಕ್ಕೆ. ಆ ಏಳು ನಿಮಿಷವನ್ನೂ ತಳಕಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನಲು ನಿಲ್ಲಿಸಿ ಕಳೆಯುತ್ತೀರಿ.

ಭಾಗ 2: ಕಾರನ್ನು ಇಟ್ಟುಕೊಳ್ಳುವುದಾದರೆ

ಹಂಪು ಬಂದಾಗ ಒಳಗಿರುವವರನ್ನು ಇಳಿಸಿ. ಕಾರನ್ನು ಓರೆಯಾಗಿ ತಂದು ಒಂದೊಂದೇ ಚಕ್ರ ಹತ್ತಿಸಿ. ತಳ ತಾಗಿದ ಸದ್ದಿಗೆ ಮುಖ ಹಿಂಡಬೇಡಿ, ಅಕ್ಕಪಕ್ಕದ ಕಟ್ಟೆಯ ಮೇಲೆ ಕೂತವರು ಅದನ್ನೇ ನೋಡಲು ಕೂತಿರುತ್ತಾರೆ.

ಕುರಿ ಮಂದೆ ಎದುರಾದರೆ ಹಾರನ್ ಒತ್ತಬೇಡಿ. ಹಾರನ್ ಕುರಿಗೆ ತಿಳಿಯುವುದು ಕಾಯುವವನು ಒಪ್ಪಿದ ಮೇಲೆ. ಗಾಡಿ ನಿಲ್ಲಿಸಿ, ಎಸಿ ಇರಲಿ, ಗಾಜು ಇಳಿಸಿ. ಮೊದಲು ಮುಂದಾಳು ಟಗರು ಬಂದು ನಂಬರ್ ಪ್ಲೇಟು ಮೂಸುತ್ತದೆ. ಆಮೇಲೆ ಇಡೀ ಮಂದೆ ಎರಡಾಗಿ ಸೀಳಿ ಎರಡೂ ಬಾಗಿಲಿಗೆ ಮೈ ಉಜ್ಜಿಕೊಂಡು ಸಾಗುತ್ತದೆ. ಉಣ್ಣೆಯ ಜಿಡ್ಡು ಬಣ್ಣದ ಮೇಲೆ ಉದ್ದಕ್ಕೆ ಬಳಿದುಕೊಳ್ಳುತ್ತದೆ, ಪಾಲಿಶ್ ಅಂಗಡಿಯವನು ದುಡ್ಡು ತಗೊಂಡು ಬಳಿಯುವುದಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಕೊನೆಗೆ ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಇವತ್ತೋ ನಿನ್ನೆಯೋ ಹುಟ್ಟಿದ ಮರಿ ಇಟ್ಟುಕೊಂಡ ಕಾಯುವವನು ಬಂದು ಕಾರಿನ ಮಾಡಿನ ಮೇಲೆ ಮೊಳಕೈ ಊರುತ್ತಾನೆ.

“ಎಷ್ಟ್ ಕೊಡ್ತೈತಣ್ಣ?”

ಲೀಟರಿಗೆ ಹತ್ತು, ಹನ್ನೊಂದು ಎಂದು ಹೇಳಿಬಿಡಿ. ಅವನು ನಿಮ್ಮ ಕಾರನ್ನೊಮ್ಮೆ, ನಿಮ್ಮನ್ನೊಮ್ಮೆ ನೋಡಿ, “ಹೋಗ್ಲಿ ಬಿಡಣ್ಣ, ಎಸಿ ಐತಲ್ಲ” ಎಂದು ಸಮಾಧಾನ ಹೇಳುತ್ತಾನೆ. ಈ ಸಮಾಧಾನಕ್ಕೆ ಯಾವ ಷೋರೂಮಿನಲ್ಲೂ ಬೆಲೆ ಕಟ್ಟಿಲ್ಲ.

ಮ್ಯಾಸಬೇಡರ ದೇವರ ಎತ್ತುಗಳು ಬಂದರೆ ಎಂಜಿನ್ ಆಫ್ ಮಾಡಿ. ಅವನ್ನು ಕಾಯುವ ಕಿಲಾರಿ ಮುಂದೆ ಹೋಗುವವರೆಗೂ ಕಾಯಿರಿ. ಇದರಲ್ಲಿ ತಮಾಷೆ ಇಲ್ಲ.

ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ, ಸಜ್ಜೆ, ನವಣೆ ಎಲ್ಲವನ್ನೂ ಟಾರಿನ ಮೇಲೆ ಹರಡಿರುತ್ತಾರೆ, ಎಲ್ಲೋ ತಲೆಕೆಡಿಸಿಕೊಂಡು ಮಾಡಿದ ನಿಮ್ಮ ಟೈರಿಗೆ ಅಲ್ಲಿ ಸಿಗುವ ಕೆಲಸ ರೋಣಗಲ್ಲಿನದು. ಬಡ್ತಿಯೆಂದು ತಿಳಿಯಿರಿ. ಆದರೆ ಒಣ ಹುರುಳಿ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಗುಲಿದರೆ ಬೆಂಕಿ ಹತ್ತುತ್ತದೆ. ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಕೋಲಿನಿಂದ ಎಳೆದು ಹಾಕಿ. ಬಗ್ಗುವಾಗ ಸೊಂಟ ಹಿಡಿದುಕೊಂಡರೆ ಭಾಗ 3 ಓದುವ ಅವಶ್ಯಕತೆ ಇಲ್ಲ.

ಭಾಗ 3: ಮೋಟಾರ್‌ಸೈಕಲ್ಲಿಗೆ ಮರಳುವುದಾದರೆ

ಮೊದಲು ಲೈಸೆನ್ಸ್ ತೆಗೆದು ನೋಡಿ. ಅದರಲ್ಲಿ ಗೇರಿನ ಬೈಕೂ ಇದೆಯೇ, ಅವಧಿ ಮುಗಿದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ನಲವತ್ತು ದಾಟಿದವರು ನವೀಕರಣಕ್ಕೆ ಹೋದರೆ ಡಾಕ್ಟರ ಸರ್ಟಿಫಿಕೇಟ್ ಕೇಳುತ್ತಾರೆ. ಆ ಫಾರಂ ಕೈಗೆ ಬಂದ ಗಳಿಗೆಯೇ ಹಲವರ ಬೈಕಿನ ಕನಸು ಇಳಿದುಹೋದದ್ದುಂಟು.

ನೀವು ಬಿಟ್ಟುಹೋದ ಬೈಕು ಈಗಿಲ್ಲ. ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಒದೆದ ಮೇಲೆ ಅದು ತಿರುಗಿ ನಿಮ್ಮ ಮೊಳಕಾಲಿಗೇ ಒದೆಯುತ್ತಿತ್ತು. (ಮೊಳಕಾಲಿನ ಮಾತು ಬಂದಾಗ ಊರಿನ ಹೆಸರನ್ನು ಎಳೆದು ತರಬೇಡಿ. ಆ ಜೋಕು ಪ್ರತಿಯೊಬ್ಬ ಬೀಗರೂ ಮಾಡಿಯಾಗಿದೆ.) ಪೆಟ್ರೋಲ್ ಮುಗಿದರೆ ಗಾಡಿಯನ್ನು ಎಡಕ್ಕೆ ಮಲಗಿಸಿ ಎಬ್ಬಿಸಿ, ರಿಸರ್ವಿಗೆ ಹಾಕಿ, ಹೇಗೋ ಬಂಕು ಮುಟ್ಟುತ್ತಿದ್ದಿರಿ. ಈಗಿನದು ಬಟನ್ ಒತ್ತಿದರೆ ಚಾಲೂ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕಿಗೆಲ್ಲ ಎಬಿಎಸ್ ಕಡ್ಡಾಯ. ಅದನ್ನು ನಂಬಿ ಹುರುಳಿ ಕಾಳಿನ ಮೇಲೆ ಬ್ರೇಕ್ ಹಿಡಿಯಬೇಡಿ. ಸಡಿಲ ಕಾಳಿನ ಮೇಲೆ ಎಬಿಎಸ್ ಇದ್ದ ಗಾಡಿಯೂ ಬೇಗ ನಿಲ್ಲುವುದಿಲ್ಲ. ಆಕ್ಸಿಲರೇಟರ್ ಬಿಡಿ, ಹ್ಯಾಂಡಲ್ ನೆಟ್ಟಗಿರಲಿ, ಬಾಯಿ ಮುಚ್ಚಿರಲಿ.

ಹೆಡ್‌ಲೈಟ್ 2017ರಿಂದ ಹಗಲಲ್ಲೂ ತಾನೇ ಉರಿಯುತ್ತದೆ, ಆರಿಸುವ ಸ್ವಿಚ್ಚೇ ಇಲ್ಲ. ಈ ಸುದ್ದಿ ಹಳ್ಳಿಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ. ಎದುರಿಗೆ ಬರುವ ಪ್ರತಿಯೊಬ್ಬರೂ ಕೈ ಎತ್ತಿ ಐದು ಬೆರಳು ಬಿಚ್ಚಿ ಮುಚ್ಚಿ ಮಾಡುತ್ತಾರೆ. “ಅಣ್ಣಾ, ಲೈಟ್ ಉರೀತೈತೆ!” ಎಂದು ಟಿವಿಎಸ್ ಎಕ್ಸೆಲ್ ಮೇಲೆ ಮೇವಿನ ಹೊರೆ ಹೇರಿಕೊಂಡು ಹೋಗುವವನೂ ಕೂಗುತ್ತಾನೆ. ವಿವರಣೆ ಕೊಡಲು ನಿಲ್ಲಬೇಡಿ, ನಿಂತರೆ ಊರು ಸೇರುವುದಿಲ್ಲ. ತಲೆಯಾಡಿಸಿ ಮುಂದೆ ಹೋಗಿ. ಕಾರಿನಲ್ಲಿ ಹೋದಾಗ ಒಬ್ಬನೂ ನಿಮ್ಮ ಲೈಟಿನ ಬಗ್ಗೆ ಇಷ್ಟು ಕಾಳಜಿ ತೋರಿರಲಿಲ್ಲ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಬೇಡಿ. ಕ್ಲಾಸಿಕ್ 350 ತೂಕ 195 ಕೆ.ಜಿ., ರಿವರ್ಸ್ ಗೇರ್ ಇಲ್ಲ. ಇದು ನೆನಪಾಗುವುದು ಮದುವೆ ಮನೆ ಮುಂದೆ, ಬೀಗರೆಲ್ಲ ಕುರ್ಚಿ ಹಾಕಿಕೊಂಡು ನೋಡುತ್ತಿರುವಾಗ. ಆಷಾಢದಲ್ಲಿ ಗಾಳಿ ಪಕ್ಕದಿಂದ ತಳ್ಳುತ್ತದೆ. ಗಾಳಿಯಂತ್ರಗಳನ್ನು ಈ ಗುಡ್ಡಗಳ ಮೇಲೆ ಸುಮ್ಮನೆ ನೆಟ್ಟಿಲ್ಲ. ಲಾರಿಯ ಮರೆಯಿಂದ ಈಚೆ ಬರುವಾಗ ಹ್ಯಾಂಡಲ್ ಬಿಗಿ ಹಿಡಿಯಿರಿ. ಬೇಸಿಗೆಯ ಮಧ್ಯಾಹ್ನ ಹೊರಡಲೇಬೇಡಿ. ಹೆಲ್ಮೆಟ್ ಮಾತ್ರ ಯಾವ ಋತುವಿನಲ್ಲೂ ಟ್ಯಾಂಕಿನ ಮೇಲಲ್ಲ, ತಲೆಯ ಮೇಲೆ.

ಎಣ್ಣೆ ಊರು ಎನಿಸಿಕೊಂಡ ಚಳ್ಳಕೆರೆಯವರಿಗೆ ಒಂದು ಮಾತು. ಶೇಂಗಾ ಹೊಲದ ಅಂಚಿಗೆ ನಾವು ಹಾಕುವ ಹರಳು ಗಿಡ ಇದೆಯಲ್ಲ, ಅದರ ಎಣ್ಣೆಯನ್ನೇ ಒಂದು ಕಾಲದಲ್ಲಿ ಇಂಗ್ಲೆಂಡಿನ ರೇಸ್ ಬೈಕುಗಳ ಎಂಜಿನ್ ಆಯಿಲಿಗೆ ಬಳಸುತ್ತಿದ್ದರು. ವಿಷಯ ತಿಳಿದವರು ಮನೆಯ ಡಬ್ಬಿ ತಂದು ಸುರಿಯಬೇಡಿ. ಈಗಿನ ಎಂಜಿನ್ನಿಗೆ ಅದು ಅಜ್ಜಿ ಕುಡಿಸಿದಾಗ ನಿಮಗೆ ಆಗುತ್ತಿದ್ದುದನ್ನೇ ಮಾಡುತ್ತದೆ.

ಭಾಗ 4: ಹಳೆಯ ಆವೃತ್ತಿ

ಈ ರಸ್ತೆಗೆ ಇದೇ ಮೊದಲ ಕೈಪಿಡಿಯಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಕೆತ್ತಿಸಿದ್ದನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಅದರಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಚಕ್ರವರ್ತಿ ಪ್ರವಾಸದಲ್ಲಿ ಕಳೆದ ರಾತ್ರಿಗಳು ಅವು ಎಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ಲಡಾಖಿಗೆ ಹೋಗಿಬಂದು ಬೈಕಿನ ಹಿಂದೆ ಸ್ಟಿಕ್ಕರ್ ಅಂಟಿಸುವವರು ಈ ಸಂಖ್ಯೆಯ ಮುಂದೆ ಸ್ವಲ್ಪ ತಗ್ಗಿ ನಡೆಯುವುದು ಒಳ್ಳೆಯದು.

ಶಾಸನದ ಸೂಚನೆಗಳು ಚಿಕ್ಕವು. ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳ ಬಗ್ಗೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ವಾಹನ ಆಯ್ಕೆಗೆ ಇದಕ್ಕಿಂತ ಪೂರ್ತಿಯಾದ ಪಟ್ಟಿ ಯಾವ ಕಂಪನಿಯೂ ಕೊಟ್ಟಿಲ್ಲ. ಪ್ರಾಣಿಗಳ ವಿಷಯ ಭಾಗ 2ರಲ್ಲಿ ಬಂತು. ಗುರು ಎಂದರೆ ಇಲ್ಲಿ ಮೆಕ್ಯಾನಿಕ್. ಅವನೂ ನಿಮ್ಮನ್ನು ಗುರೂ ಎಂದೇ ಕರೆಯುತ್ತಾನೆ, ಲೆಕ್ಕ ಚುಕ್ತಾ. ಕಷ್ಟ ಇರುವುದು ಉಳಿದ ಎರಡರಲ್ಲಿ.

ತಾಯಿಯನ್ನು ಕೇಳಿದರೆ, “ಬೈಕ್ ಯಾಕಪ್ಪ ಈ ವಯಸ್ನಾಗೆ? ಮಳೆ ಬಂದ್ರೆ?” ಎನ್ನುತ್ತಾಳೆ. ಚಳ್ಳಕೆರೆಯಲ್ಲಿ ನಿಂತು ಮಳೆ ಬಂದರೆ ಎಂದು ಕೇಳುವ ಧೈರ್ಯ ತಾಯಂದಿರಿಗೆ ಮಾತ್ರ. ಆದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆಕೆಯ ಮಂಡಿ ತೋರಿಸಲು ಬಳ್ಳಾರಿಗೋ ದುರ್ಗಕ್ಕೋ ಹೋಗುವ ದಿನ ಬೈಕು ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಜೋರು ಕಾರೂ ಅಷ್ಟಾಗಿ ಬರುವುದಿಲ್ಲ. ತಗ್ಗಿನ ಸೀಟಿಗೆ ಇಳಿಯಲು ಆಕೆಗೆ ಇಬ್ಬರು ಹಿಡಿಯಬೇಕು, ಏಳಲು ಮೂವರು. ಆ ದಿನ ಬೇಕಾದದ್ದು ಎತ್ತರದ ಸೀಟು, ಅಗಲದ ಬಾಗಿಲು, ಹಂಪಿಗೆ ಹೆದರದ ತಳ. ಹಳೆಯ ವ್ಯಾಗನ್‌ಆರ್ ಸಾಕು. ಕೈಪಿಡಿ ಬರೆದವರ ಖಚಿತ ಅಭಿಪ್ರಾಯ ಇದು: ಕಾರೋ ಬೈಕೋ ಎಂಬ ಪ್ರಶ್ನೆಯಲ್ಲಿ ಮಾರಬೇಕಾದ್ದು ಕಾರನ್ನಲ್ಲ, ಕಾರಿನ ವೇಗವನ್ನು. ಆ ವೇಗಕ್ಕೆ ಈ ಎರಡು ತಾಲ್ಲೂಕಿನಲ್ಲಿ ಒಂದೇ ಒಂದು ರಸ್ತೆ ಇದೆ, ಅದರ ಗೇಟಿನಲ್ಲಿ ಸೆಂಟ್ರಿ ಇದ್ದಾನೆ.

ನಿಜ ಹೇಳುವುದು ಎಂಬ ಸೂಚನೆ ಹೆಂಡತಿಗೆ ಬೈಕಿನ ಬೆಲೆ ಹೇಳುವಾಗ ಅನ್ವಯಿಸುತ್ತದೆ. ಷೋರೂಮ್ ಬೆಲೆ ಹೇಳಿ, ಆನ್‌ರೋಡ್ ಬೆಲೆಯನ್ನು ಸಂಕ್ರಾಂತಿ ಕಳೆದ ಮೇಲೆ ಹೇಳೋಣ ಎನ್ನುವವರಿಗೆ ಶಾಸನದಲ್ಲಿ ವಿನಾಯಿತಿ ಕಂಡುಬಂದಿಲ್ಲ.

ಭಾಗ 5: ತೊಂದರೆ ಮತ್ತು ಪರಿಹಾರ

ಲಕ್ಷಣ: ಕಾರು ಮಾರಲು ಗಿರಾಕಿ ಬಂದಿದ್ದಾನೆ, ಕೀ ಕೊಡಲು ಕೈ ಬರುತ್ತಿಲ್ಲ. ಪರಿಹಾರ: ಅವನನ್ನು ಕೂರಿಸಿಕೊಂಡು ಒಂದು ರೌಂಡ್ ಹೋಗಿ. ಮೊದಲ ಹಂಪಿನ ಹತ್ತಿರ ಅವನೇ ಇಳಿದುಕೊಳ್ಳುತ್ತಾನೆ. ಪ್ರಶ್ನೆ ಅಲ್ಲಿಗೆ ಮುಂದಕ್ಕೆ ಹೋಯಿತು.

ಲಕ್ಷಣ: ಬೈಕ್ ತಂದಾಯಿತು, ಸೊಂಟ ನೋಯುತ್ತಿದೆ, ಹೇಳಿಕೊಳ್ಳುವಂತಿಲ್ಲ. ಪರಿಹಾರ: ಕೊಂಡ್ಲಹಳ್ಳಿಯಲ್ಲೋ ಮೊಳಕಾಲ್ಮುರಿನಲ್ಲೋ ರೇಷ್ಮೆ ಸೀರೆ ನೋಡುವ ನೆಪ ಮಾಡಿ ನೇಕಾರರ ಮನೆಯಲ್ಲಿ ಕೂತುಬಿಡಿ. ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ದಿನವಿಡೀ ಕೂರುವವರ ಮುಂದೆ ಸೊಂಟದ ಮಾತೆತ್ತಲು ನಾಚಿಕೆಯಾಗಿ ನೋವು ಕಡಿಮೆಯಾಗುತ್ತದೆ. ಸೀರೆ ಮಾತ್ರ ಕೊಳ್ಳಲೇಬೇಕಾಗುತ್ತದೆ, ಬೈಕಿನ ಆನ್‌ರೋಡ್ ಬೆಲೆ ಹೇಳುವ ದಿನಕ್ಕೆ ಅದು ಬೇಕು.

ಲಕ್ಷಣ: ಮಗ ಬೈಕಿನ ಕೀ ಕೇಳುತ್ತಿದ್ದಾನೆ. ಪರಿಹಾರ: ಇಲ್ಲ.

ಲಕ್ಷಣ: ಕಾರೂ ಇರಲಿ, ಬೈಕೂ ಇರಲಿ ಎನಿಸುತ್ತಿದೆ. ಪರಿಹಾರ: ಶೆಡ್ಡಿನ ಅಗಲ ಅಳೆಯಿರಿ. ಎರಡೂ ಹಿಡಿಸಿದರೂ ಹಿಗ್ಗಬೇಡಿ. ಶೇಂಗಾ ಕೀಳುವ ಕಾಲ ಬಂದು, ರೇಟು ಬರುವವರೆಗೆ ಮೂಟೆ ಮಾರುವುದು ಬೇಡ ಎಂದು ಅಪ್ಪ ಹೇಳಿದ ದಿನ ಎರಡನ್ನೂ ಹೊರಗೆ ಬೇವಿನ ಮರದಡಿ ತಳ್ಳಬೇಕಾಗುತ್ತದೆ. ಆಗ ಕಾರನ್ನು ತಳ್ಳಲು ನಾಲ್ಕು ಜನ ಬೇಕು.