ಸರತಿಯ ಸಮದರ್ಶಿತ್ವ

ಕ್ಯಾಲಿಫೋರ್ನಿಯದ ಅನಾಹೈಮ್ ನಗರದಲ್ಲಿ 1955ರಲ್ಲಿ ಬಾಗಿಲು ತೆರೆದ ಡಿಸ್ನಿಲ್ಯಾಂಡಿನಲ್ಲಿ, ವಾರ್ಷಿಕ ಪಾಸನ್ನು ಕಿಸೆಯಲ್ಲಿರಿಸಿಕೊಂಡು ಸಂಜೆಯ ವಾಯುವಿಹಾರಕ್ಕೆಂಬಂತೆ ಬರುವ ಊರಿನವನಿಗೂ, ಜನ್ಮಕ್ಕೊಮ್ಮೆಯೆಂದು ಸಮುದ್ರೋಲ್ಲಂಘನ ಮಾಡಿ ಸಕುಟುಂಬನಾಗಿ ಬಂದಿಳಿಯುವ ಪ್ರವಾಸಿಗೂ ನಡುವೆ ಸರತಿಯಲ್ಲಿ ನಡೆಯುವ ಮೌನಯುದ್ಧವು ಧರ್ಮಶಾಸ್ತ್ರಜ್ಞರ ವಿಚಾರಣೆಗೆ ಯೋಗ್ಯವಾದುದು. “ನಮ್ಮೂರು ನಮಗೇ ಇಕ್ಕಟ್ಟಾಯಿತಲ್ಲ!” ಎಂದು ಅವನು ನಿಟ್ಟುಸಿರಿಟ್ಟರೆ, “ನಿನಗೆ ನಾಳೆಯುಂಟು, ನನಗೆ ನಾಳೆ ವಿಮಾನವುಂಟು” ಎಂದು ಇವನು ಹಲುಬುವನು. ಈ ವ್ಯಾಜ್ಯವು 2021ರಲ್ಲಿ ಬಗೆಹರಿದ ಬಗೆ ಅಪೂರ್ವವಾದುದು: ಊರಿನವನು ಪಾಸಿದ್ದರೂ ಬರುವ ದಿನವನ್ನು ಮುಂಗಡವಾಗಿ ಕಾದಿರಿಸಬೇಕಾಯಿತು, ಉದ್ದನೆಯ ಸರತಿಯನ್ನು ತಪ್ಪಿಸಲು 1999ರಿಂದ ಉಚಿತವಾಗಿದ್ದ ‘ಫಾಸ್ಟ್‌ಪಾಸ್’ ಸೌಕರ್ಯವು ಅಸ್ತಂಗತವಾಗಿ, ಅವಸರದ ಪ್ರವಾಸಿಯು ಮುಂದೆ ಸರಿಯಲು ಹಣ ತೆರಬೇಕಾಯಿತು. ಉಭಯಪಕ್ಷಗಳಿಗೂ ಅಸಂತೋಷವನ್ನು ಸಮಪಾಲಾಗಿ ಹಂಚುವುದೇ ನ್ಯಾಯವೆಂದಾದರೆ, ಸಾಕ್ಷಾತ್ ಧರ್ಮರಾಯನೂ ಇದಕ್ಕಿಂತ ಸಮರ್ಪಕವಾದ ತೀರ್ಪನ್ನು ಕೊಡಲಾರನು. ಆದರೆ ತೀರ್ಪಿನ ಶುಲ್ಕವನ್ನು ಅವನು ಇಬ್ಬರಿಂದಲೂ ವಸೂಲು ಮಾಡುತ್ತಿರಲಿಲ್ಲ.