ಲಾರಿಧೂಮ ಮೀಮಾಂಸೆ

ಹೊಗೆಯಿದ್ದಲ್ಲಿ ಬೆಂಕಿಯಿದೆ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಾಗಿಲ್ಲ, ಕಾದ ಕಬ್ಬಿಣದ ಗುಂಡೇ ಸಾಕ್ಷಿ. ಹೊಗೆ ಬೇಕೇಬೇಕೆಂದರೆ ಹಸಿ ಸೌದೆಯೆಂಬ ಉಪಾಧಿ ಬೇಕು. ಇಷ್ಟನ್ನೂ ಅನ್ನಂಭಟ್ಟರು 17ನೇ ಶತಮಾನದಲ್ಲೇ ತಮ್ಮ ತರ್ಕಸಂಗ್ರಹದಲ್ಲಿ ಇತ್ಯರ್ಥಪಡಿಸಿದ್ದಾರೆ. ಆದರೆ ಹೊಗೆಯಿದ್ದಲ್ಲಿ ಬದನೆಕಾಯಿ ಬೇಯುತ್ತದೆಯೇ ಎಂಬುದನ್ನು ಅವರು ಚರ್ಚಿಸಲಿಲ್ಲ. ಈ ಲೋಪವನ್ನು ನೀಗಲೆಂದೇ ಪ್ರಕೃತ ಲೇಖಕನು ಅಹಮದಾಬಾದಿನ ಚಾಂದ್‌ಖೇಡಾದಲ್ಲಿ, ಟೆಕ್ಸಾಸಿನವರು ಹೊಗೆಯಲ್ಲೇ ಅಡುಗೆ ಬೇಯಿಸಲು ಟ್ರೇಲರಿನ ಮೇಲೆ ಕಟ್ಟಿಕೊಳ್ಳುವಂಥ ಧೂಮಯಂತ್ರವೊಂದನ್ನು ಪ್ರತಿಷ್ಠಾಪಿಸಿದನು.

ಮೊದಲು ಶಬ್ದವಿಚಾರ. "ಇದನ್ನು ಲಾರಿ ಮೇಲೆ ಕೂರಿಸಿಕೊಡಿ" ಎಂದು ವೆಲ್ಡಿಂಗಿನವನಿಗೆ ಹೇಳಿದ್ದಾಯಿತು. ಕನ್ನಡದ ಲಾರಿ ಆರು ಚಕ್ರದ್ದು, ಹಿಂದೆ 'ಹಾರ್ನ್ ಹೊಡೆಯಿರಿ' ಎಂದು ಬರೆಸಿಕೊಂಡದ್ದು. ಗುಜರಾತಿಯ ಲಾರಿಯಾದರೋ ಬಾಳೆಹಣ್ಣು ಮಾರುವ ತಳ್ಳುಗಾಡಿ. ವಾರ ಬಿಟ್ಟು ಹೋದರೆ 200 ಲೀಟರಿನ ಡ್ರಮ್ಮು ತಳ್ಳುಗಾಡಿಯ ಮೇಲೆ ಕುಂಭಕರ್ಣನಂತೆ ಮಲಗಿತ್ತು. ಶಬ್ದಪ್ರಮಾಣವನ್ನು ನಂಬಿದರೆ ಹೀಗೆ.

ಯಂತ್ರಸ್ವರೂಪ: ಡ್ರಮ್ಮಿನ ಒಂದು ತುದಿಗೆ, ತುಸು ಕೆಳಗೆ, ಬೆಂಕಿಯ ಗೂಡು. (ಇದನ್ನು ಬೆಂಕಿಪೆಟ್ಟಿಗೆ ಎಂದು ಅನುವಾದಿಸುವವರಿಗೆ ಅದು ಅಂಗಡಿಯಲ್ಲಿ ಎರಡು ರೂಪಾಯಿಗೆ ಸಿಕ್ಕೀತು.) ಇನ್ನೊಂದು ತುದಿಗೆ ಹೊಗೆಕೊಳವೆ. ಹೊಗೆ ಈ ಕಡೆಯಿಂದ ಆ ಕಡೆಗೆ, ಪದಾರ್ಥಗಳ ಮೈದಡವುತ್ತ, ಸುಮಾರು 110 ಡಿಗ್ರಿಯಲ್ಲಿ ತಾಸುಗಟ್ಟಲೆ ಸಾಗಬೇಕೆಂಬುದು ಸಂಪ್ರದಾಯ. ನಮ್ಮ ಕುಶಲಕರ್ಮಿಯು ಕೊಳವೆಯನ್ನು ಬೆಂಕಿಗೂಡಿನ ನೆತ್ತಿಗೇ ಬೆಸೆದಿದ್ದನು. ಹೊಗೆಗೆ ಇಷ್ಟು ಹತ್ತಿರದ ದಾರಿಯನ್ನು ಬೇರೆ ಯಾವ ಪಂಥದವರೂ ತೋರಿಸಿಲ್ಲ.

ಸೌದೆಯ ವಿಷಯದಲ್ಲಿ ಮಾತ್ರ ಲೇಖಕನು ನಿಜಕ್ಕೂ ಒಂದು ಸಂಶೋಧನೆ ಮಾಡಿದ್ದಾನೆ. ಟೆಕ್ಸಾಸಿನವರು ಜೀವ ಬಿಡುವ ಮೆಸ್ಕೀಟ್ ಮರ, ಗುಜರಾತಿಗಳು 'ಗಾಂಡೋ ಬಾವಳ' ಎಂದರೆ ಹುಚ್ಚುಜಾಲಿ ಎಂದು ಬೈಯುವ ಗಿಡ, ನಾವು ಬಳ್ಳಾರಿಯ ತಲೆಗೆ ಕಟ್ಟಿದ ಬಳ್ಳಾರಿ ಜಾಲಿ, ಇವೆಲ್ಲ ಒಂದೇ ಕುಲದವು. ಮೂಲ ಅಮೆರಿಕ ಖಂಡ. ಅಲ್ಲಿ ಪರಿಮಳ, ಇಲ್ಲಿ ಮುಳ್ಳು.

ಪೂರ್ವಪಕ್ಷ: ವಲ್ಸಾಡ್ ಕಡೆಯವರು ಚಳಿಗಾಲದಲ್ಲಿ ಹೆದ್ದಾರಿ ಬದಿಯಲ್ಲೇ ಪಾಪ್ಡಿ ಅವರೆ, ಗೆಣಸು, ಕಂದಗಳನ್ನು ಮಡಕೆಗೆ ತುಂಬಿ, ಸೊಪ್ಪಿನಿಂದ ಬಾಯಿ ಬಿಗಿದು, ಬೋರಲು ಹಾಕಿ ಸುತ್ತ ಬೆಂಕಿಯಿಟ್ಟು ಎಣ್ಣೆ ನೀರಿಲ್ಲದೆ 'ಉಬಾಡಿಯು' ಎಂಬ ತಿನಿಸು ಮಾಡುತ್ತಾರಲ್ಲ, ಡ್ರಮ್ಮೇಕೆ? ಮಲೆನಾಡಿನ ಬಚ್ಚಲೊಲೆಯ ಬೂದಿಯಲ್ಲಿ ಹಲಸಿನ ಬೀಜ ಸುಟ್ಟು ತಿಂದವನಿಗೆ ಈ ದುರ್ಬುದ್ಧಿಯೇಕೆ? ಉತ್ತರ: ಮಡಕೆಗೆ ಚಕ್ರವಿಲ್ಲ.

ಪ್ರಯೋಗವು ಜನವರಿ 14ರ ಉತ್ತರಾಯಣದಂದು ನಡೆಯಿತು. ಊರಿಗೆ ಊರೇ ತಾರಸಿಯೇರಿ ಗಾಳಿಪಟಕ್ಕೆ ಗಾಳಿ ಬೇಡುತ್ತಿತ್ತು. ಕೆಳಗೆ ಒಬ್ಬ ಮಾತ್ರ ಗಾಳಿ ನಿಲ್ಲಲೆಂದು ಬೇಡುತ್ತಿದ್ದನು. ಬಹುಮತ ಗೆದ್ದಿತು. ದಾರಿಹೋಕರೆಲ್ಲ "ಆ ಶುಂ ಛೇ?" (ಇದೇನಿದು?) ಎಂದು ಮುಚ್ಚಳವೆತ್ತಿ ನೋಡಿದರು. ಪಾದರಸವು 60 ಡಿಗ್ರಿ ದಾಟಲಿಲ್ಲ. ಸಂಜೆಗೆ ಪಕ್ಕದ ಮನೆಯ ಕಾಕಿ, ಗ್ಯಾಸಿನ ಮೇಲೆ ಹತ್ತು ನಿಮಿಷದಲ್ಲಿ ಸುಟ್ಟ ಬದನೆಯ ಓಳೋ, ಬಿಸಿ ಸಜ್ಜೆ ರೊಟ್ಟಿ ತಂದು, "ನಿಮ್ಮದು ಬೇಯುವವರೆಗೆ ಇದನ್ನು ತಿನ್ನಿ ಭಾಯ್" ಎಂದರು. ಅವರಿಗೆ ಶಾಸ್ತ್ರ ತಿಳಿಯದು.

ಡ್ರಮ್ಮಿನ ಬದನೆ ಹಸಿಯಾಗಿಯೇ ಉಳಿಯಿತು. ಲೇಖಕನ ಸ್ವೆಟರು ಮಾತ್ರ ಆರು ತಾಸಿನಲ್ಲಿ ಹದವಾಗಿ ಹೊಗೆಯುಂಡಿತ್ತು. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬೇಕೆಂಬುದು ನ್ಯಾಯಶಾಸ್ತ್ರ. ಸ್ವೆಟರನ್ನು ಮೂಸಿ ನೋಡಿದ ಮನೆಯಾಕೆ ಅನುಮಾನಿಸಿದ್ದು ಬೀಡಿಯನ್ನು.